ಹೊಲಿಸಬಾರದ ಬಟ್ಟೆ

ನನ್ನ ತಮ್ಮನ ಮೈಮೇಲೆ ಮೂರು ತಾಲೂಕಿನ ಮದುವೆ ಮುಂಜಿಗಳು ಓಡಾಡುತ್ತವೆ ಎಂದರೆ ನೀವು ನಂಬುವುದಿಲ್ಲ. ಬೇಕಾದರೆ ಸಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಿ! ಗಿಣಿಹಸಿರು ಅಂಗಿ, ಅದಕ್ಕೆ ಕಂದುಬಣ್ಣದ ತೋಳು, ಜೇಬಿನ ಮೇಲೆ ಮತ್ತೆ ಯಾರದೋ ಗೃಹಪ್ರವೇಶದ ಚೌಕಳಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ವಯಸ್ಸು ಎಪ್ಪತ್ತು ದಾಟಿದೆ. ಕಾಲೇಜು ಹುಡುಗರು ತಿರುಗಿ ತಿರುಗಿ ನೋಡುತ್ತಾರೆ. ಆತ ಅದನ್ನು ಅಪ್ರಿಸಿಯೇಶನ್ ಎಂದುಕೊಂಡಿದ್ದಾನೆ. ಇದ್ದರೂ ಇರಬಹುದು, ಈಗಿನ ಕಾಲದಲ್ಲಿ ಯಾರಿಗೆ ಗೊತ್ತು?

ಮೊದಲು ಹೀಗಿರಲಿಲ್ಲ. ಹುಲೇಕಲ್ಲಿನ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ಬಿಳಿ ಅಂಗಿ, ಬೂದು ಪ್ಯಾಂಟು, ಟಕ್ ಇನ್, ಬೆಲ್ಟು. ವರ್ಷಕ್ಕೊಮ್ಮೆ ಅವನ ಹೆಂಡತಿ ಪೇಟೆಯಿಂದ ಅದೇ ಬಿಳಿ ಬಟ್ಟೆಯನ್ನು ತಂದು, ಮನೆಗೆ ಸುಣ್ಣ ಹೊಡೆಸಿದ ಹಾಗೆ ಗಂಡನಿಗೆ ಅಂಗಿ ಹೊಲಿಸುತ್ತಿದ್ದಳು. ಚಾಯ್ಸ್ ಎಂಬ ಪ್ರಶ್ನೆಯೇ ಇಲ್ಲ! ನಿವೃತ್ತನಾದ ಮೇಲೂ ಅದೇ. ಇಸಳೂರಿನ ಹೊಸ ಮನೆಗೆ ಬಂದ ಮೇಲೂ ಅದೇ. ತರಕಾರಿ ತರಲು ಹೋದರೂ ಆಡಿಟ್ಟಿಗೆ ಹೊರಟವನಂತೆ ಕಾಣುತ್ತಿದ್ದ.

ಆಮೇಲೆ ಅವಳು ತೀರಿಹೋದಳು. ಮಕ್ಕಳಿಲ್ಲದ ಮನೆ. ಆತ ಅಂಗಿ ಹಾಕುವುದನ್ನೇ ಬಿಟ್ಟ. ಬನಿಯನ್ನು, ಪಂಚೆ, ಬೆಳೆದ ಗಡ್ಡ. ನಾನು ಸಿರಸಿ ಪೇಟೆಯಿಂದ ಬಸ್ಸು ಹಿಡಿದು ಹೋದಾಗೆಲ್ಲ ಅದೇ ಕುರ್ಚಿ, ಅದೇ ಗೋಡೆ. ಗೇಟಿನ ತನಕವೂ ಬರುತ್ತಿರಲಿಲ್ಲ. "ಅಂಗಿ ಹಾಕ್ಯಂಡು ಒಂಚೂರು ಹೊರಗೆ ಹೋಗಿ ಬಾರ ಮಾರಾಯ" ಎಂದರೆ, "ಯಾರಿಗೆ ತೋರ್ಸಲೆ ಅಕ್ಕಾ?" ಎನ್ನುತ್ತಿದ್ದ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಎಲ್ಲದಕ್ಕೂ ಒಂದು ಆನ್ಸರ್ ಕಲಿಸಿದ್ದರು. ಇದಕ್ಕೆ ಕಲಿಸಿರಲಿಲ್ಲ. ಒಡಹುಟ್ಟಿದವನು ಕುಳಿತಲ್ಲೇ ಆರಿಹೋಗುತ್ತಿದ್ದಾನೆ ಎಂಬ ಹೆದರಿಕೆಯನ್ನು ನಾನು ಪ್ರತಿಸಲ ವಾಪಸು ಬಸ್ಸಿನಲ್ಲಿ ಹೊತ್ತು ತರುತ್ತಿದ್ದೆ.

ಒಂದು ದಿನ ಹೋದರೆ ಹೆಂಡತಿಯ ಕಪಾಟು ತೆರೆದುಕೊಂಡು ನೆಲದ ಮೇಲೆ ಕುಳಿತಿದ್ದಾನೆ. ಸುತ್ತಲೂ ಶರ್ಟ್ ಪೀಸುಗಳ ರಾಶಿ!

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಮದುವೆಗೋ ಮುಂಜಿಗೋ ಗಂಡಹೆಂಡತಿ ಹೋದರೆ ಊಟವಾದ ಮೇಲೆ ಉಡುಗೊರೆ. ಅವಳಿಗೆ ರವಿಕೆ ಕಣ, ಅವನಿಗೆ ಶರ್ಟ್ ಪೀಸು. ಆ ಶರ್ಟ್ ಪೀಸನ್ನು ಭೂಮಿಯ ಮೇಲೆ ಯಾರೂ ಹೊಲಿಸುವುದಿಲ್ಲ. ಅದು ಹೊಲಿಸಲಿಕ್ಕೆ ಇರುವುದೇ ಅಲ್ಲ, ಇನ್ನೊಬ್ಬರಿಗೆ ಕೊಡಲಿಕ್ಕೆ ಇರುವುದು! ಸಿದ್ದಾಪುರದಲ್ಲಿ ಬಂದದ್ದು ಯಲ್ಲಾಪುರಕ್ಕೆ, ಯಲ್ಲಾಪುರದ್ದು ಭೈರುಂಬೆಗೆ. ಹಾಗೆ ಸುತ್ತುತ್ತಲೇ ಇರುತ್ತದೆ. ಮೇಲಿನ ಪ್ಲಾಸ್ಟಿಕ್ಕು ಹರಿದರೆ ಹೊಸ ಪ್ಲಾಸ್ಟಿಕ್ಕು. ಹೆಂಗಸರ ಕಪಾಟಿನಲ್ಲಿ ಅದಕ್ಕೊಂದು ಖಾಯಂ ಜಾಗ.

"ಅಕ್ಕಾ, ಇದೆಲ್ಲ ಯಂಗೆ ಕೊಟ್ಟಿದ್ದಲ್ದ? ಒಂದಾದ್ರೂ ಎಂತಕ್ಕೆ ಹೊಲಿಸಿದ್ದಿಲ್ಲೆ?" ಎಂದ, ತನ್ನ ಎದೆ ಮುಟ್ಟಿಕೊಂಡು.

"ಅದು ಹೊಲಿಸ ಬಟ್ಟೆ ಅಲ್ದ ತಮ್ಮಾ. ಅವ್ಳು ಮುಂದೆ ಕೊಡಲೆ ಹೇಳಿ ತೆಗೆದಿಟ್ಟಿದ್ದು."

"ಹೌದ. ಅವ್ಳು ಇಟ್ಟಿದ್ದು ಇನ್ನು ಈ ಮನೆ ಬಿಟ್ಟು ಹೊರಗೆ ಹೋಪ್ಲಿಲ್ಲೆ."

ಮರುದಿನವೇ ಗಡ್ಡ ಬೋಳಿಸಿಕೊಂಡು ಪೇಟೆಗೆ ಬಂದ. ಟೈಲರು ಬನವಾಸಿ ಕಡೆಯವನು. ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಮೇಲೆ ಕೆಳಗೆ ನೋಡಿ, "ಸಾಹೇಬ್ರ, ಇದು ಕೊಡೂ ಬಟ್ಟಿರಿ. ಹೊಲಿಯೂದಲ್ರಿ. ತೋಳಿಗೆ ಸಾಲೂದಿಲ್ಲ ನೋಡ್ರಿ" ಎಂದ. ನಿಜವೇ. ಹೊಲಿಸದ ಬಟ್ಟೆ ಎಷ್ಟಿದ್ದರೇನು ಎಂದು ಮಾರುವವನು ಗಿಡ್ಡ ಕತ್ತರಿಸುತ್ತಾನೆ. ಕೊಳ್ಳುವವರೂ ಅಳೆಯುವುದಿಲ್ಲ.

"ತೋಳು ಬೇರೆದ್ರಲ್ಲಿ ಹಚ್ಚು" ಎಂದ ನನ್ನ ತಮ್ಮ.

"ಬ್ಯಾರೆ ಬಣ್ಣ ಆಕ್ಕತ್ರಿ!"

"ಆಗ್ಲಿ."

ಹೀಗೆ ಹುಟ್ಟಿತು ನೋಡಿ ಅವನ ಸ್ಟೈಲು! ಮೊದಮೊದಲು ಅದನ್ನು ನೋಡಿದರೆ ಕಣ್ಣು ನೋಯುತ್ತಿತ್ತು. ಅಂಗಿ ಗಿಡ್ಡವಾದ್ದರಿಂದ ಟಕ್ ಇನ್ ಮಾಡಲು ಬರುತ್ತಿರಲಿಲ್ಲ, ಹೊರಗೆ ಬಿಟ್ಟ. ಬಿಟ್ಟ ಮೇಲೆ ಬೆಲ್ಟು ಯಾಕೆ, ಬಿಟ್ಟ. ಬೆಲ್ಟಿಲ್ಲದ ಮೇಲೆ ಕಪ್ಪು ಶೂ ಯಾಕೆ? ಅದನ್ನೂ ಬಿಟ್ಟ. "ಇದು ಕ್ಯಾಶುವಲ್ ಅಕ್ಕಾ" ಎಂದು ನನಗೇ ಇಂಗ್ಲಿಷು ಹೇಳಿಕೊಟ್ಟ!

ಯಲ್ಲಾಪುರದಲ್ಲಿ ಒಂದು ಮುಂಜಿ. ಊಟದ ಪಂಕ್ತಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳು ಇವನ ಎದುರು ನಿಂತು ಬಿಟ್ಟಗಣ್ಣಿಂದ ನೋಡಿದಳು.

"ಈ ಗೆರೆಗೆರೆದು ಆನು ಹುಲೇಕಲ್ ಮದುವೇಲಿ ಕೊಟ್ಟಿದ್ದಲ್ದ!"

"ಯಂಗೆ ಬಂದಿದ್ದು ಭೈರುಂಬೆ ಗೃಹಪ್ರವೇಶದಲ್ಲಿ."

"ಭೈರುಂಬೆಯವಕ್ಕೆ ಎಲ್ಲಿಂದ ಬಂತು?"

ಪಂಕ್ತಿಯ ಆ ತುದಿಯಿಂದ ಒಬ್ಬಳು ಅಂದಳು, "ಅದು ಆನು ಕೊಟ್ಟಿದ್ದು. ಯಂಗೆ ಸಿದ್ದಾಪುರದಲ್ಲಿ ಬಂದಿತ್ತು." ಬಡಿಸುವವರು ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದರು. ನನ್ನ ತಮ್ಮ ಅಂಗಿಯ ಅಂಚನ್ನು ಸವರಿಕೊಂಡು ಹೇಳಿದ: "ಪಾಪ, ತಿರುಗಿ ತಿರುಗಿ ಸುಸ್ತಾಗಿತ್ತು. ಆನು ಕೂರ್ಸಿದೆ."

ಎಲ್ಲರೂ ನಕ್ಕರು. ಕೈ ತೊಳೆಯುವಲ್ಲಿ ಮಾತ್ರ ಚಿಕ್ಕಮ್ಮನ ಮಗಳು ನನ್ನನ್ನು ಹಿಡಿದು, "ನಿನ್ನ ತಮ್ಮ ಹೀಂಗೆ ಹೊಲಿಸ್ತಾ ಹೋದ್ರೆ ನಾವೆಲ್ಲ ಮುಂದೆ ಎಂತ ಕೊಡವು ಮಾರಾಯ್ತಿ?" ಎಂದು ಸೀರಿಯಸ್ಸಾಗಿಯೇ ಕೇಳಿದಳು.

ನನಗೆ ಅದರ ಚಿಂತೆ ಇರಲಿಲ್ಲ. ಆತ ಹೊರಗೆ ಬರುತ್ತಿದ್ದ, ಅಷ್ಟು ಸಾಕಿತ್ತು. ಬರಬರುತ್ತಾ ಯಾವುದಕ್ಕೆ ಯಾವ ತೋಳು ಎಂದು ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡತೊಡಗಿದ. ಒಂದು ಸಂಜೆ, ಏನೋ ತಪ್ಪು ಮಾಡಿದವನ ಹಾಗೆ ದನಿ ತಗ್ಗಿಸಿ, "ಅಕ್ಕಾ, ಯಂಗೆ ಸಾಸಿವೆ ಬಣ್ಣ ಸೇರ್ತು ಕಾಣ್ತು" ಎಂದ. ಎಪ್ಪತ್ತು ದಾಟಿದ ಮನುಷ್ಯ, ಮೊದಲ ಸಲ, ತನಗೆ ಏನು ಇಷ್ಟ ಎಂದು ಹೇಳುತ್ತಿದ್ದಾನೆ. ನಾನು ಟೀ ಮಾಡುವ ನೆಪದಲ್ಲಿ ಒಳಗೆ ಹೋದೆ.

ಗರ್ವವೂ ಬಂತೆನ್ನಿ! "ನೀ ಎಂತಕ್ಕೆ ಯಾವಾಗ್ಲೂ ಪೋಸ್ಟ್ ಆಫೀಸ್ ಗೋಡೆ ಬಣ್ಣ ಉಡ್ತೆ?" ಎಂದು ನನ್ನನ್ನೇ ಕೇಳಿದ. ನಮ್ಮ ಯಜಮಾನರು ಹೋದ ಮೇಲೆ ನಾನು ಕ್ರೀಮು, ಬೂದು ಬಿಟ್ಟು ಬೇರೆ ಉಟ್ಟವಳಲ್ಲ. ಯಾರೂ ಹೀಗೇ ಉಡು ಎಂದು ಹೇಳಿರಲಿಲ್ಲ. ಬೇರೆ ಉಡು ಎಂದೂ ಹೇಳಿರಲಿಲ್ಲ. "ಡಿಗ್ನಿಫೈಡ್ ಆಗಿ ಕಾಣ್ತು" ಎಂದೆ. "ಗೋಡೆಯೂ ಹಾಂಗೇ ಕಾಣ್ತು" ಎಂದ, ಪೋಕರಿ!

ಆದರೆ ಯಾವ ರಾಶಿಯೂ ಎಷ್ಟು ದಿನ ಇದ್ದೀತು? ಕಪಾಟು ಖಾಲಿಯಾಯಿತು. ಟೈಲರಂಗಡಿಯ ಓಡಾಟ ನಿಂತಿತು. ಮತ್ತೆ ಬನಿಯನ್ನು, ಮತ್ತೆ ಆ ಕುರ್ಚಿ. ಹೊಲಿಸಿದ ಅಂಗಿಗಳನ್ನೆಲ್ಲ ಮಡಿಸಿ, ಅವು ಪೀಸುಗಳಾಗಿದ್ದಾಗ ಇದ್ದ ಜಾಗದಲ್ಲೇ ಇಟ್ಟಿದ್ದ.

"ಅಂಗಡೀಲಿ ಬೇಕಾದಷ್ಟು ಸಿಗ್ತಲ, ತಗಂಬನ ಬಾ" ಎಂದೆ.

"ಅಂಗಡೀದು ಅವ್ಳು ಇಟ್ಟಿದ್ದಲ್ದಲೆ ಅಕ್ಕಾ."

ಒಲೆ ಹಚ್ಚಿದ ಹಾಗಿರಲಿಲ್ಲ. ನಾನು ಅನ್ನ ಮಾಡಿಟ್ಟು ಬಂದೆ. ಹಿಂದಿನ ಸಲಕ್ಕಿಂತ ಈ ಸಲ ಹೆಚ್ಚು ಹೆದರಿಕೆಯಾಯಿತು.

ಹೋದ ತಿಂಗಳು ಸಿದ್ದಾಪುರದಲ್ಲಿ ಅವನ ಹೆಂಡತಿಯ ತಮ್ಮನ ಮಗಳ ಮದುವೆ. ಆತ ಒಲ್ಲೆ ಎಂದ. ನಾನು ಸಾಸಿವೆ ಬಣ್ಣದ ಅಂಗಿಯನ್ನು ಕಪಾಟಿನಿಂದ ತೆಗೆದು ತೊಡೆಯ ಮೇಲೆ ಹಾಕಿ, ಹಾಕಿಕೊಳ್ಳುವ ತನಕ ಬಾಗಿಲಲ್ಲೇ ನಿಂತೆ. ಹಿಡಿದುಕೊಂಡು ಹೋದೆ ಎಂದೇ ಹೇಳಬೇಕು. ಮಂಟಪದ ಕಡೆ ಆತ ನೋಡಲೇ ಇಲ್ಲ.

ಊಟವಾದ ಮೇಲೆ ಮದುಮಗಳ ತಾಯಿ ಉಡುಗೊರೆ ಹಂಚುತ್ತಾ ಬಂದಳು. ಜನದ ಗಡಿಬಿಡಿ, ಮುಖ ನೋಡುವುದಕ್ಕೂ ಪುರಸೊತ್ತಿಲ್ಲ. ಕೈಗೆ ರೂಢಿಯಾಗಿಬಿಟ್ಟಿದೆಯಲ್ಲ, ಇವನಿಗೆ ಜೋಡಿಯದನ್ನೇ ಕೊಟ್ಟಳು. ಶರ್ಟ್ ಪೀಸು, ಅದರ ಮೇಲೆ ರವಿಕೆ ಕಣ. "ಅತ್ತಿಗೆ ಎಲ್ಲಿ, ಕುಂಕುಮ..." ಎಂದವಳು ಅಲ್ಲೇ ನಿಂತಳು. ಬಾಯಿಗೆ ಕೈ ಹೋಯಿತು. "ಅಯ್ಯೋ ಭಾವಾ, ಆನು..." ಎಂದು ಕಣವನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದಳು. ಸುತ್ತಲಿನ ಕುರ್ಚಿಗಳವರು ತಿರುಗಿ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಇರ್ಲಿ ಬಿಡು ತಂಗಿ" ಎನ್ನುವುದು ಕೇಳಿಸಿತು.

ಕಣ್ಣು ಬಿಟ್ಟರೆ ಆತ ಕಣದ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದಾನೆ. ಕಡು ರಾಣಿ ಕಲರು.

"ಅವ್ಳಿಗೆ ಈ ಬಣ್ಣ ಆಗ್ತಿತ್ತಿಲ್ಲೆ" ಎಂದ. ಮತ್ತೆ ಸ್ವಲ್ಪ ಹೊತ್ತು ನೋಡಿ, "ನಿಂಗೆ ಅಕ್ಕು ಅಕ್ಕಾ. ನಾಳೆ ಪೇಟೆಗೆ ಬತ್ತೆ. ಟೈಲರ ಹತ್ರ ಇಬ್ರೂ ಹೋಪನ. ಯಂದೂ ಒಂದು ಪೀಸು ಇದ್ದಲ."

ಯಜಮಾನರು ಹೋದ ಮೇಲೆ ನನಗೆ ಯಾರೂ ಕಣ ಕೊಟ್ಟಿಲ್ಲ. ಕೊಡುವ ಪದ್ಧತಿಯಿಲ್ಲ. ಉಡುಗೊರೆ ಹಂಚುವ ಹೊತ್ತಿಗೆ ನಾನು ಎದ್ದು ಕೈ ತೊಳೆಯಲು ಹೋಗುವುದನ್ನು ರೂಢಿ ಮಾಡಿಕೊಂಡಿದ್ದೆ. ಆ ದಿನ ಅವನನ್ನು ಕಾಯಲೆಂದೇ ಕುಳಿತಿದ್ದೆ. "ಸಿಲ್ಲಿ, ಈ ವಯಸ್ಸಿಗೆ..." ಎಂದೆ. ಮದುಮಗಳ ತಾಯಿ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದಳು. ತಮ್ಮ ಕಣವನ್ನು ಹಿಡಿದೇ ಇದ್ದ. ಕೈ ಮುಂದೆ ಮಾಡಿದೆ. ಕಣವನ್ನು ಬರಿಗೈಯಲ್ಲಿ ಪಡೆಯುವುದಿಲ್ಲ ಎಂಬುದು ಆಗ ನೆನಪಾಗಿ, ಸೆರಗು ಒಡ್ಡಿದೆ.