ಒಬ್ಬರಿಗೆ ಒಂದೇ ಪ್ಯಾಕೆಟ್ಟು

ಸೂಜಿಗೆ ಹೆದರುವವರು ಬೇಕಾದಷ್ಟು ಜನ ಇದ್ದಾರೆ. ಹೆದರುತ್ತೇನೆಂದು ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ನಾನಂತೂ ಐವತ್ತಮೂರು ವರ್ಷ ಬಾಯಿ ಬಿಟ್ಟಿರಲಿಲ್ಲ. ಮೂಡಿಗೆರೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಕಾಫಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಸವರುವ ಮರಗಸಿಗೆ ಬೇಕಾದ ಕತ್ತಿ, ಗರಗಸ ಎಲ್ಲ ಮಾರುತ್ತೇನೆ. ಕತ್ತಿಯ ಬಾಯಿಯನ್ನು ಹೆಬ್ಬೆರಳಲ್ಲಿ ಸವರಿ ಗಿರಾಕಿಗಳಿಗೆ ಅದರ ಹರಿತ ತೋರಿಸುತ್ತೇನೆ. ಅಂಥವನು ಗುಂಡುಸೂಜಿಯಷ್ಟು ದಪ್ಪವೂ ಇಲ್ಲದ ಸೂಜಿ ಕಂಡು ಬೆವರುತ್ತಾನೆಂದು ಊರಿಗೆ ಗೊತ್ತಾದರೆ ವ್ಯಾಪಾರಕ್ಕೂ ಒಳ್ಳೆಯದಲ್ಲ. ಹಾಗಾಗಿ ಈ ಗುಟ್ಟು ನನ್ನ ಹೆಂಡತಿ ಶಶಿಕಲಾ ಒಬ್ಬಳಿಗೇ ಗೊತ್ತಿತ್ತು. ಅವಳು ಇದನ್ನು ಯಾರಿಗೂ ಹೇಳಲಿಲ್ಲ. ನನಗೆ ಮಾತ್ರ ದಿನಕ್ಕೊಂದು ಸಲ ಹೇಳುತ್ತಿದ್ದಳು.

ಇಂಥ ನಾನು ನಮ್ಮೂರಿನ ಸೇವಾ ಕ್ಲಬ್ಬು ಸೇರಿದೆ. ಕ್ಲಬ್ಬಿನ ಅಧ್ಯಕ್ಷರಾದ ಪ್ಲಾಂಟರ್ ಸುಂದರೇಗೌಡ್ರು ಪೈಪಿನ ಜಾಯಿಂಟು ಕೊಳ್ಳಲು ಅಂಗಡಿಗೆ ಬಂದವರು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಸೇವೆ ಎಂದರೆ ಗಿಡ ನೆಡುವುದು, ಶಾಲೆಗೆ ಬಣ್ಣ ಬಳಿಸುವುದು ಎಂದುಕೊಂಡಿದ್ದೆ. ಮೊದಲ ಮೀಟಿಂಗಿನಲ್ಲೇ ಬಂದದ್ದು ರಕ್ತದಾನ ಶಿಬಿರದ ವಿಷಯ. ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಯಾವ ಕೆಲಸವೇ ಇರಲಿ, ಅದಕ್ಕೊಬ್ಬ ಚೇರ್ಮನ್ ಇರಬೇಕು. ಕುರ್ಚಿ ಜೋಡಿಸಲು ಒಬ್ಬರು, ಬ್ಯಾನರ್ ಕಟ್ಟಲು ಒಬ್ಬರು, ಕಟ್ಟಿದ ಬ್ಯಾನರ್ ಬಿಚ್ಚಲು ಬೇರೆಯೇ ಒಬ್ಬರು. ಚೇರ್ಮನ್ ಆದವನು ಕಾರ್ಯಕ್ರಮ ಮುಗಿಯುವವರೆಗೂ ತನ್ನ ಜಾಗ ಬಿಟ್ಟು ಕದಲುವಂತಿಲ್ಲ. ಈ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಬಿಸ್ಕತ್ತು ಮತ್ತು ಜ್ಯೂಸಿನ ಚೇರ್ಮನ್‌ಗಿರಿಗೆ ಕೈ ಎತ್ತಿಬಿಟ್ಟೆ. ದಾನಿಗಳ ಹೆಸರು, ರಕ್ತದ ಗುಂಪು, ಫೋನ್ ನಂಬರು ಬರೆಯುವ ಪುಸ್ತಕವನ್ನೂ ನಾನೇ ಕೇಳಿ ಇಸಕೊಂಡೆ. ರಕ್ತ ಕೊಡುವವರು ಮಲಗುವ ಮಂಚಕ್ಕೂ ನನಗೂ ನಡುವೆ ಎಷ್ಟು ಸಾಮಾನಿದ್ದರೆ ಅಷ್ಟು ಒಳ್ಳೆಯದಲ್ಲವೇ?

ಹೀಗೆ ಹನ್ನೊಂದು ವರ್ಷ ಕಳೆದೆ. ಕೊಟ್ಟಿಗೆಹಾರ, ಜಾವಳಿ, ಬಾಳೂರು, ಎಲ್ಲಿ ಶಿಬಿರವಾದರೂ ಮೇಜಿನ ಹಿಂದೆ ನಾನು. ಹೆದರಿಕೊಂಡು ಬಂದವರಿಗೆ, "ಏನೂ ನೋವಾಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ನಾನೇ ಧೈರ್ಯ ಹೇಳುತ್ತಿದ್ದೆ. ನಾನು ಹೇಳುವ ಗತ್ತಿಗೆ ನನಗೇ ನಂಬಿಕೆ ಬಂದುಬಿಟ್ಟಿತ್ತು. ಕಾನೂನನ್ನೂ ಮಾಡಿ ಬೋರ್ಡಿನಲ್ಲಿ ಬರೆದು ಮೇಜಿನ ಪಕ್ಕ ಇಟ್ಟಿದ್ದೆ: ಒಬ್ಬರಿಗೆ ಒಂದು ಜ್ಯೂಸು, ಒಂದು ಪ್ಯಾಕೆಟ್ ಬಿಸ್ಕತ್ತು. ಒಮ್ಮೆ ಬಾಳೂರಿನಲ್ಲಿ ಎಸ್ಟೇಟಿನ ಆಳುಗಳನ್ನು ನೋಡಿಕೊಳ್ಳುವ ಈರಪ್ಪ ಮೇಸ್ತ್ರಿ ರಕ್ತ ಕೊಟ್ಟು ಬಂದು, ಮಧ್ಯಾಹ್ನ ಮತ್ತೆ ಕಾಫಿ ಹಣ್ಣಿನ ಕೊಯ್ಲಿಗೆ ಆಳುಗಳ ಜೊತೆ ಹೋಗಬೇಕು, ಇನ್ನೊಂದು ಪ್ಯಾಕೆಟ್ ಕೊಡಿ ಎಂದು ಕೇಳಿದರು. ನಾನು ಬೋರ್ಡಿನ ಕಡೆ ಬೆರಳು ತೋರಿಸಿದೆ. ರೂಲ್ಸ್ ಅಂದರೆ ರೂಲ್ಸ್ ಎಂದು ನಾಲ್ಕು ಜನರ ಮುಂದೆ ಹೇಳಿದೆ. ಅವರು ನಕ್ಕು, ಒಂದು ಬಾಟಲಿ ರಕ್ತ ಕೊಟ್ಟ ತೋಳನ್ನು ಮಡಚಿಕೊಂಡು ಜೀಪು ಹತ್ತಿದರು. ಮನೆಗೆ ಬಂದು ಇದನ್ನು ದೊಡ್ಡ ಆಡಳಿತವೆಂಬಂತೆ ಶಶಿಕಲಾಗೆ ವರ್ಣಿಸಿದೆ. "ಕ್ಲಬ್ಬಿಗೆ ಹೋಗಿ ಕಡಿದು ಕಟ್ಟೆ ಹಾಕಿದ್ದು ಇದೇನಾ?" ಎಂದು ಅವಳು ಒಳಗೆ ಹೋದಳು.

ಹೋದ ಕೊಯ್ಲಿನ ಹೊತ್ತಿಗೆ ಶಶಿಕಲಾಗೆ ಗರ್ಭಕೋಶದ ಆಪರೇಷನ್ ಮಾಡಲೇಬೇಕೆಂದಾಯಿತು. ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದೆ. ರಕ್ತ ತುಂಬ ಕಡಿಮೆಯಿದೆ, ಅವರದು ಓ ನೆಗೆಟಿವ್, ನಮ್ಮಲ್ಲಿ ಒಂದೇ ಬಾಟಲಿಯಿದೆ, ಇನ್ನೊಂದು ಸಿಗದೆ ಕತ್ತರಿ ಮುಟ್ಟುವುದಿಲ್ಲ ಎಂದರು ಡಾಕ್ಟರು. ನನ್ನ ರಕ್ತ ತಗೊಳ್ಳಿ ಎನ್ನೋಣವೆಂದರೆ ನನ್ನದು ಯಾವ ಗುಂಪು ಎಂಬುದೇ ನನಗೆ ಗೊತ್ತಿಲ್ಲ! ಬೇರೆಯವರ ಗುಂಪುಗಳನ್ನು ದುಂಡಗೆ ಬರೆದ ಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲ. ಆ ಪುಸ್ತಕವನ್ನೇ ತರಿಸಿ ಆಸ್ಪತ್ರೆಯ ಬೆಂಚಿನ ಮೇಲೆ ಬಿಡಿಸಿ ಕೂತೆ. ಓ ನೆಗೆಟಿವ್ ಇದ್ದವರು ಮೂವರೇ. ಒಬ್ಬರು ಊರು ಬಿಟ್ಟಿದ್ದರು, ಇನ್ನೊಬ್ಬರಿಗೆ ವಯಸ್ಸು ಮೀರಿತ್ತು. ಮೂರನೆಯದು ಈರಪ್ಪ ಮೇಸ್ತ್ರಿಯ ಹೆಸರು. ನನ್ನದೇ ಅಕ್ಷರದಲ್ಲಿ ಅದನ್ನು ಓದುವಾಗ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ತೋಟದಲ್ಲಿ ಅವರ ಫೋನಿಗೆ ಸಿಗ್ನಲ್ ಇಲ್ಲ. ಸುಂದರೇಗೌಡ್ರಿಗೆ ಹೇಳಿದೆ. ಅವರು ಆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿದರು, ರೈಟರು ತೋಟದೊಳಗೆ ಆಳು ಓಡಿಸಿದರು, ಕ್ಲಬ್ಬಿನ ಬ್ಯಾನರ್ ಕಟ್ಟುವ ಚೇರ್ಮನ್ನರು ತಮ್ಮ ಜೀಪನ್ನೇ ಬಾಳೂರಿಗೆ ಬಿಟ್ಟರು. ನಾನು ಮೀಟಿಂಗಿನಲ್ಲಿ ಯಾರ ಯಾರನ್ನು ಗೇಲಿ ಮಾಡುತ್ತಿದ್ದೆನೋ ಅವರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಅವತ್ತು ಅವರಲ್ಲಿ ಯಾರಿಗೂ ಯಾವ ಕೆಲಸವೂ ಇರಲಿಲ್ಲ, ಸುಮ್ಮನೆ ಕೂತಿದ್ದರು. ಅವರು ಹಾಗೆ ಕೂತದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಈರಪ್ಪ ಮೇಸ್ತ್ರಿ ಬಂದರು. ಕೊಯ್ಲಿನ ಅಂಗಿಯಲ್ಲೇ ಬಂದಿದ್ದರು, ಬೆರಳುಗಳಿಗೆ ಕಾಫಿ ಹಣ್ಣಿನ ಅಂಟು. ನನ್ನ ಮುಖ ನೋಡಿ, "ಹೆದರ್ಬೇಡಿ ಸಾವ್ಕಾರ್ರೇ, ಅಮ್ಮಾವ್ರಿಗೆ ಏನೂ ಆಗಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ಹೊರಗೆ ಬರುವಷ್ಟರಲ್ಲಿ ನಾನು ಕ್ಯಾಂಟೀನಿಗೆ ಓಡಿ ಅಲ್ಲಿದ್ದ ಬಿಸ್ಕತ್ತನ್ನೆಲ್ಲ ಬಾಚಿಕೊಂಡು ಬಂದು ಅವರ ಮಡಿಲಿಗೆ ಸುರಿದೆ. ಅವರು ಒಂದು ಪ್ಯಾಕೆಟ್ ಎತ್ತಿಕೊಂಡು ಉಳಿದದ್ದನ್ನು ನನ್ನ ಕೈಗೇ ಕೊಟ್ಟರು.

"ಒಂದು ಸಾಕು. ರೂಲ್ಸ್ ಅಂದ್ರೆ ರೂಲ್ಸು."

ಚುಚ್ಚಬೇಕೆಂದು ಹೇಳಿದ್ದಲ್ಲ, ನನ್ನನ್ನು ನಗಿಸಲೆಂದೇ ಹೇಳಿದ್ದು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಸ್ಕತ್ತು ತಬ್ಬಿಕೊಂಡು ಗಳಗಳ ಅತ್ತೆ. ಸಂಜೆಯೊಳಗೆ ಆಪರೇಷನ್ ಮುಗಿಯಿತು. ಶಶಿಕಲಾ ಕಣ್ಣುಬಿಟ್ಟು ಕೇಳಿದ ಮೊದಲ ಪ್ರಶ್ನೆ, ಅಂಗಡಿ ಬಾಗಿಲು ಹಾಕಿ ಬಂದ್ರಾ ಎಂದು.

ಮುಂದಿನ ತಿಂಗಳು ಬಾಳೂರಿನಲ್ಲೇ ಶಿಬಿರವಿತ್ತು. ಈಗಷ್ಟೇ ರಕ್ತ ಕೊಟ್ಟಿದ್ದರಿಂದ ಈರಪ್ಪ ಮೇಸ್ತ್ರಿ ಈ ಸಲ ಕೊಡುವಂತಿರಲಿಲ್ಲ, ಆದರೂ ಆಳುಗಳನ್ನು ಕರೆದುಕೊಂಡು ಬಂದಿದ್ದರು. ನಾನು ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಮಂಚದ ಕಡೆ ನಡೆದೆ. ಮೊದಲು ಗುಂಪು ನೋಡಿದರು. ಓ ಪಾಸಿಟಿವ್, ಊರಿನಲ್ಲಿ ಅರ್ಧ ಜನಕ್ಕೆ ಇರುವಂಥದ್ದು. ಇಷ್ಟು ಸಾಮಾನ್ಯ ಸಾಮಾನನ್ನು ಹನ್ನೊಂದು ವರ್ಷ ಬಚ್ಚಿಟ್ಟಿದ್ದೆ. ಸೂಜಿಯ ವಿಷಯದಲ್ಲಿ ಒಂದು ತಪ್ಪೊಪ್ಪಿಗೆ: ಅದು ಇರುವೆಯಲ್ಲ. ಕಣಜದ ಹುಳ. ನಾನು ಧೈರ್ಯ ಹೇಳಿ ಕಳಿಸಿದವರೆಲ್ಲ ಹೊರಗೆ ಬಂದು ನನಗೆ ಒಂದೇಟು ಹಾಕದೆ ಜ್ಯೂಸು ಕುಡಿದು ಹೋದದ್ದು ಅವರ ದೊಡ್ಡಗುಣ.

ಎದ್ದು ಮೇಜಿನ ಹತ್ತಿರ ಬಂದೆ. ಈರಪ್ಪ ಮೇಸ್ತ್ರಿ ಜ್ಯೂಸು ಕೊಟ್ಟು, ಎರಡು ಪ್ಯಾಕೆಟ್ ಬಿಸ್ಕತ್ತು ಇಟ್ಟರು. ನೋಡಿದರೆ ಅವತ್ತು ಎಲ್ಲರಿಗೂ ಎರಡೆರಡು ಕೊಡುತ್ತಿದ್ದರು. ಬೋರ್ಡನ್ನು ಮಗುಚಿ ಹಾಕಿ ಅದರ ಮೇಲೆ ಜ್ಯೂಸಿನ ಬಾಟಲಿ ಜೋಡಿಸಿದ್ದರು. ನಾನು ಒಂದು ತಿಂದು, ಇನ್ನೊಂದನ್ನು ಜೇಬಿಗೆ ಇಳಿಸಿ ಮನೆಗೆ ತಂದೆ.

ಶಶಿಕಲಾ ಜಗಲಿಯಲ್ಲಿ ಕೂತಿದ್ದಳು. ಮುಖಕ್ಕೆ ಕಳೆ ಬಂದಿತ್ತು. ಪ್ಯಾಕೆಟ್ ಕೈಗಿಟ್ಟರೆ ತಿರುಗಿಸಿ ನೋಡಿದಳು. "ಇದೇನ್ರೀ, ಒಬ್ಬರಿಗೆ ಒಂದೇ ಅಂತಿದ್ರಲ್ಲ?"

"ಚೇರ್ಮನ್ ಬದಲಾದ್ರು ಕಣೇ" ಎಂದೆ.

ಒಳ್ಳೇದಾಯ್ತು ಎಂದು ಅವಳು ಪ್ಯಾಕೆಟ್ ಒಡೆದು, ನನಗೂ ಒಂದು ಕೊಟ್ಟಳು. ಇನ್ನೊಂದು ಕೇಳೋಣವೆನ್ನಿಸಿತು, ಸುಮ್ಮನಾದೆ.