ತಾರಸಿಗೆ ಸುಣ್ಣ

ಹೆಂಡತಿ: ಆಗಲ್ಲ ಅಂದ್ರೆ ಆಗಲ್ಲ! ತಾರಸಿಗೆ ಸುಣ್ಣ ಹೊಡೀರಿ, ಅಡುಗೆಮನೇಲಿ ಅನ್ನದ ಜೊತೆ ನಾನೂ ಬೇಯ್ತಿದೀನಿ ಅಂತ ಎರಡು ಬೇಸಿಗೆ ಬಡ್ಕೊಂಡೆ. ಕಿವಿಗೆ ಹಾಕ್ಕೊಂಡ್ರಾ?

ಗಂಡ: ಈಗ ಹಾಕ್ಕೊಂಡೆ ಮಾರಾಯ್ತಿ! ನಿರ್ದೇಶಕರು ಇನ್ನೇನು ಬಂದ್ಬಿಡ್ತಾರೆ!

ಪಾಪ, ಗಂಡ ರಾಜ್ಯ ಸರ್ಕಾರದ ಹವಾಮಾನ ಬದಲಾವಣೆ ಯೋಜನೆಯ ಅಧಿಕಾರಿ. ತಾರಸಿಗೆಲ್ಲ ಸುಣ್ಣ ಬಳಿದರೆ ಮನೆ ತಂಪು ಎಂದು ಯೋಜನೆಯಲ್ಲಿ ಬರೆದವನೇ ಅವನು. ಬೆಳಿಗ್ಗೆ ಸಭೆಯಲ್ಲಿ ನಿರ್ದೇಶಕರು "ನಿಮ್ಮಲ್ಲಿ ಯಾರಾದ್ರೂ ಬಳಿದಿದೀರೇನ್ರೀ?" ಎಂದು ಕೇಳಿದಾಗ ಬಾಯಿ ಸುಮ್ಮನಿರಬಾರದೇ? "ನಮ್ಮನೇಗೆ ಬಳಿದಿದೀನಿ ಸರ್, ಏನು ತಂಪು ಅಂತೀರಿ!" ಎಂದುಬಿಟ್ಟ. ಹಾಗಾದರೆ ಇವತ್ತೇ ನೋಡೋಣ ಎಂದರು ಅವರು. ಸುಳ್ಳು ಬಯಲಾದರೆ ಯೋಜನೆಯೂ ಹೋಯಿತು, ಮಾನವೂ ಹೋಯಿತು. ಈಗ ಪ್ಯಾಂಟು ಮೊಣಕಾಲಿಗೆ ಮಡಚಿ, ಸುಣ್ಣದ ಬಕೆಟ್ ಹಿಡಿದು ಏಣಿಯ ಬುಡದಲ್ಲಿ ನಿಂತಿದ್ದಾನೆ. ಏಣಿಯ ನಡುಮಧ್ಯೆ ಹೆಂಡತಿ ಕೂತುಬಿಟ್ಟಿದ್ದಾಳೆ.

ಗಂಡ: ಇಳಿಯೇ, ಕೈ ಮುಗೀತೀನಿ.

ಹೆಂಡತಿ: ತಡೀರಿ. ಮೊದಲು ಅಧ್ಯಯನ ಆಗ್ಬೇಡ್ವಾ? ಹೋದ ವರ್ಷ ನೀವೇ ಹೇಳಿದ್ರಿ.

ಗಂಡ: ಅದು ಆಫೀಸ್ ಮಾತು ಕಣೇ!

ಹೆಂಡತಿ: ಆಮೇಲೆ ತಜ್ಞರ ಸಮಿತಿ.

ಗಂಡ: ನೀನೇ ತಜ್ಞೆ!

ಹೆಂಡತಿ: ಅಧ್ಯಕ್ಷೆ?

ಗಂಡ: ಅದೂ ನೀನೇ!

ಹೆಂಡತಿ: ಸದಸ್ಯರು?

ಗಂಡ: ನಾನಿದೀನಲ್ಲ, ತಲೆ ಆಡ್ಸೋಕೆ!

ಹೆಂಡತಿ: ಸರಿ, ಸಮಿತಿ ತೀರ್ಮಾನ ಕೇಳಿ. ಅಡುಗೆಮನೆ ಮೇಲಿಂದ ಶುರು.

ಗಂಡ: ಏಣಿ ಹತ್ತಿದವ್ರಿಗೆ ಮೊದಲು ಕಾಣೋದು ಬೀದಿ ಕಡೆ ಕಣೇ!

ಹೆಂಡತಿ: ಬೇಯ್ತಿರೋದು ಬೀದೀನೋ ನಾನೋ?

ಅವಳು ಇಳಿದಳು, ಇವನು ಹತ್ತಿದ. ಬಗ್ಗಿ ಬಗ್ಗಿ ಬಳಿದ. ಸೊಂಟ ಹಿಡಿಯಿತು, ಮೂಗಿನ ತುದಿಗೂ ಸುಣ್ಣವಾಯಿತು. ಅಂಗಾಲು ಚುರ್ರೆಂದಾಗ, ಇದರ ಕೆಳಗೆ ಇವಳು ಅದು ಹೇಗೆ ಒಲೆ ಮುಂದೆ ನಿಲ್ಲುತ್ತಿದ್ದಳಪ್ಪಾ ಎಂದು ಮೊದಲ ಸಲ ನಾಚಿಕೆಯಾಯಿತು. ಅಡುಗೆಮನೆಯ ಮೇಲೆ ಬಳಿದು ಮುಗಿಸುವಷ್ಟರಲ್ಲಿ ಕೆಳಗೆ ಕಾರು ನಿಂತಿತು. ನಿರ್ದೇಶಕರು ಏದುಸಿರು ಬಿಡುತ್ತ ಮೇಲೆ ಬಂದರು.

ನಿರ್ದೇಶಕರು: ಏನ್ರೀ, ಇನ್ನೂ ಹಸಿ ಇದೆ!

ಗಂಡ: ಎರಡನೇ ಸಲದ್ದು ಸರ್.

ನಿರ್ದೇಶಕರು: ಆ ಕಡೆ ಮೊದಲನೇ ಸಲದ್ದೂ ಕಾಣ್ತಿಲ್ವಲ್ಲ?

ಗಂಡ ಬಕೆಟ್ ಎತ್ತಿಕೊಂಡು ಆ ಕಡೆಗೆ ಅಡ್ಡ ನಿಂತ. ಅಷ್ಟರಲ್ಲಿ ಏಣಿಯ ತುದಿಯಲ್ಲಿ ಹೆಂಡತಿಯ ಮುಖ ಕಾಣಿಸಿತು.

ಹೆಂಡತಿ: ಅದರ ಕೆಳಗೆ ಇವರ ಕೋಣೆ ಸರ್. ಸುಣ್ಣ ಇದ್ರೆ ಹೇಗೆ, ಇಲ್ದಿದ್ರೆ ಹೇಗೆ ಅಂತ ತಾಳೆ ನೋಡ್ಬೇಕಲ್ಲ? ಅದಕ್ಕೇ ಬೇಸಿಗೆ ಪೂರ್ತಿ ಆ ಸೆಕೇಲಿ ತಾವೇ ಮಲಗ್ತಾರಂತೆ.

ಗಂಡ: ಬೇಸಿಗೆ ಪೂರ್ತೀನಾ?

ನಿರ್ದೇಶಕರು: ಭೇಷ್! ಸೇವೆ ಅಂದ್ರೆ ಇದು! ಎಲ್ಲ ಅಧಿಕಾರಿಗಳ ಮನೇಲೂ ಹೀಗೇ ಮಾಡ್ಸೋಣ.

ಹೆಂಡತಿ: ನಿಮ್ಮನೆಯಿಂದ್ಲೇ ಶುರುವಾಗ್ಲಿ ಸರ್. ನಿಮ್ಮ ಮನೆಯವ್ರಿಗೆ ಈಗ್ಲೇ ಫೋನ್ ಮಾಡಿ ಹೇಳ್ಲಾ?

ನಿರ್ದೇಶಕರು ಗಡಬಡಿಸಿ ಅತ್ತಿತ್ತ ನೋಡಿದರು. ಆಮೇಲೆ ಗಂಡನ ಹತ್ತಿರ ಸರಿದು ದನಿ ತಗ್ಗಿಸಿದರು.

ನಿರ್ದೇಶಕರು: ಅಂದ್ಹಾಗೆ... ಸುಣ್ಣ ಏನಾದ್ರೂ ಉಳಿದಿದ್ಯೇನ್ರೀ?