ಎಡಗಡೆಯ ಮಡ್‌ಗಾರ್ಡು

ಸಣ್ಣ ಟ್ರ್ಯಾಕ್ಟರು ತಯಾರಿಸುವವರ ಮೇಲೆ ನನ್ನದೊಂದು ದೂರಿದೆ. ಎಂಜಿನ್ನಿಗೆ ಜಾಗ ಮಾಡಿದ್ದಾರೆ, ದೀಪಕ್ಕೆ ಜಾಗ ಮಾಡಿದ್ದಾರೆ, ಮೊಬೈಲು ಚಾರ್ಜು ಮಾಡಲು ಕೂಡ ಒಂದು ತೂತು ಬಿಟ್ಟಿದ್ದಾರೆ. ಆದರೆ ಅದು ನಡುದಾರಿಯಲ್ಲಿ ಕೆಟ್ಟು ನಿಂತಾಗ ಬೇಕಾಗುವ ಸಾಮಾನನ್ನು ಎಲ್ಲಿಡಬೇಕೆಂದು ಯಾರೂ ಯೋಚಿಸಿಲ್ಲ. ಸೀಟಿನ ಕೆಳಗೆ ಒಂದು ಡಬ್ಬಿಯಿದೆ. ಅದರಲ್ಲಿ ಒಂದು ಪಾನಾ, ಅಂದರೆ ಸ್ಪ್ಯಾನರು, ಹಿಡಿಸುತ್ತದೆ. ಎರಡನೆಯದನ್ನು ಇಟ್ಟರೆ ಮುಚ್ಚಳ ಬೀಳುವುದಿಲ್ಲ. (ಇಡೀ ಟ್ರ್ಯಾಕ್ಟರು ಒಂದೇ ನಟ್ಟಿನ ಮೇಲೆ ನಿಂತಿದೆ ಎಂದು ಅವರ ನಂಬಿಕೆಯಿರಬೇಕು.)

ಈ ಕೊರತೆಯನ್ನು ಇಷ್ಟು ವರ್ಷ ನೀಗಿಸಿದವಳು ನನ್ನ ಹೆಂಡತಿ ಹೇಮಾ. ತಿಳವಳ್ಳಿಯ ನಮ್ಮ ಮನೆಯಿಂದ ಹೊಲಕ್ಕೆ ಹೋಗುವಾಗ ಆಕೆ ಎಡಗಡೆಯ ಮಡ್‌ಗಾರ್ಡಿನ ಮೇಲೆ ಕುಳಿತುಕೊಳ್ಳುತ್ತಿದ್ದಳು. ಮಡಿಲಲ್ಲಿ ಪಾನಾಗಳ ಚೀಲ, ಕಾಲ ನಡುವೆ ಡೀಸೆಲ್ ಕ್ಯಾನು, ಹೆಗಲಿಗೆ ಸರಪಳಿ, ಇದೆಲ್ಲದರ ಮೇಲೆ ರೊಟ್ಟಿಯ ಬುಟ್ಟಿ. ನಾನು ಎಂಜಿನ್ನಿನ ಕೆಳಗೆ ಮಲಗಿ ಕೈ ಚಾಚಿದರೆ ಬೇಕಾದ ಪಾನಾ ಬಂದು ಅಂಗೈಯಲ್ಲಿ ಕೂರುತ್ತಿತ್ತು. ಗ್ರೀಸ್ ಹತ್ತಿದ ರೊಟ್ಟಿಯನ್ನೂ ನಾನು ತಕರಾರಿಲ್ಲದೆ ತಿಂದಿದ್ದೇನೆ.

ಹೀಗಿರುವಾಗ ಶಿಗ್ಗಾಂವಿಯಲ್ಲಿ ರೈತರಿಗಾಗಿ ಸುರಕ್ಷತೆಯ ತರಬೇತಿ ನಡೆಯಿತು. ಕಲಿಸಲು ಬಂದವರು ರಂಜನಾ ಮೇಡಂ. ಪರದೆಯ ಮೇಲೆ ಅವರು ಚಿತ್ರ ತೋರಿಸಿದರು: ಮಡ್‌ಗಾರ್ಡಿನಿಂದ ಜಾರಿ ಗಾಲಿಯ ಕೆಳಗೆ ಬಿದ್ದವರದು, ಬಿಡಿ ಸಾಮಾನು ಉರುಳಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡದ್ದು. "ಟ್ರ್ಯಾಕ್ಟರಿಗೆ ಸೀಟು ಒಂದು, ಮನುಷ್ಯಾನೂ ಒಬ್ಬನ. ಉಳಿದ ಸಾಮಾನೆಲ್ಲಾ ಬಿಗಿಯಾಗಿ ಪೆಟಿಗ್ಯಾಗ ಇರಬೇಕು," ಎಂದರು. ಆ ಚಿತ್ರಗಳನ್ನು ನೋಡಿದ ಮೇಲೆ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಬಿದ್ದವರೆಲ್ಲ ಎಡಗಡೆಗೇ ಬಿದ್ದಿದ್ದರು.

ಬಸ್ಸಿನಲ್ಲಿ ಮರಳುವಾಗ ನನಗೊಂದು ದಿವ್ಯ ವಿಚಾರ ಹೊಳೆಯಿತು. ಪೆಟ್ಟಿಗೆಯನ್ನು ಎಡಗಡೆಯ ಮಡ್‌ಗಾರ್ಡಿನ ಮೇಲೆಯೇ ಕೂರಿಸಿದರೆ ಸಾಮಾನಿಗೂ ಜಾಗವಾಯಿತು, ಹೆಂಡತಿಯ ಜೀವವೂ ಉಳಿಯಿತು.

ಟ್ರ್ಯಾಕ್ಟರನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಜಾಗ ತೋರಿಸಿದೆ. ಅಂಗಡಿಯ ಹಯಾತ ಅಳತೆ ಪಟ್ಟಿ ಹಿಡಿದವನು ಅಲ್ಲೇ ನಿಂತ.

"ಅಣ್ಣಾರ, ಇಲ್ಲಿ ಹೇಮಕ್ಕಾರು ಕುಂದರ್ತಾರಲ್ಲರಿ?"

"ಅದಕ್ಕ ಅಲ್ಲೇ ಕುಂದರಸು ಅಂದದ್ದು."

"ಮನ್ಯಾಗ ಹೇಳೀರೇನು?"

"ಹೇಳೂದೇನೈತಿ? ಇದು ಸುರಕ್ಷತಾ ವಿಷಯ."

ಹಯಾತ ವೆಲ್ಡಿಂಗ್ ಕನ್ನಡಕವನ್ನು ತೆಗೆದಿಟ್ಟ. "ಹಂಗಾರ ಬೋಲ್ಟ್ ಹಾಕಿ ಕೊಡ್ತೇನಿ ಬಿಡ್ರಿ. ವೆಲ್ಡ್ ಮಾಡಿದ್ರ ನಾಳೆ ಕೊಯ್ಯಾಕ ಮತ್ತ ನನ್ನ ಕಡೆನ ಬರ್ತೀರಿ."

ಪೆಟ್ಟಿಗೆ ಚೆನ್ನಾಗಿ ಆಯಿತು. ಪಾನಾ, ಇಕ್ಕಳದಂಥ ಪಕ್ಕಡ್, ಜಾಕು, ಗ್ರೀಸ್ ಗನ್ನು ಒಂದು ಖಾನೆಯಲ್ಲಿ. ಕೈಗವಸು, ಔಷಧದ ಡಬ್ಬಿ, ಕೆಂಪು ತ್ರಿಕೋನ, ಬೆಳಕಿಗೆ ಹೊಳೆಯುವ ರೇಡಿಯಂ ಪಟ್ಟಿಯ ಜಾಕೀಟು ಇನ್ನೊಂದರಲ್ಲಿ. ಬೆಂಕಿ ನಂದಿಸುವ ಸಿಲಿಂಡರನ್ನು ಪಕ್ಕಕ್ಕೆ ಪಟ್ಟಿ ಬಿಗಿದು ನಿಲ್ಲಿಸಿದೆವು. ಮನೆಯ ಮುಂದೆ ತಂದು ನಿಲ್ಲಿಸಿ, ಹೊಗಳಿಕೆಗಾಗಿ ಕಾದೆ.

ಹೇಮಾ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು.

"ಚಲೋ ಐತಿ. ನಾ ಎಲ್ಲಿ ಕುಂದರ್ಲಿ?"

"ನೀ ಕುಂದರಬಾರದು ಅಂತನ ಇದು. ಬಿದ್ದಿ ಗಿದ್ದಿ ಅಂದ್ರ?"

"ಇಷ್ಟ್ ವರ್ಷ ಬಿದ್ದಿಲ್ಲ."

"ಅದು ನಾನು ಹೊಡಿಯೂ ರೀತಿ."

"ಅಲ್ಲರಿ, ನಾನು ಹಿಡಕೊಳ್ಳೂ ರೀತಿ," ಎಂದಳು ಹೇಮಾ. "ಇರ್ಲಿ. ನಿಮ್ಮ ಪಕ್ಕಡ್ ನನಗಿಂತ ದೊಡ್ಡದಾತು."

ಕಟ್ಟೆಯ ಮೇಲಿದ್ದ ನನ್ನ ಅವ್ವ ಶಾರವ್ವ ಎಲೆ ಅಡಿಕೆ ಒತ್ತಟ್ಟಿಗೆ ಸರಿಸಿ ಹೇಳಿದಳು: "ನಮ್ಮ ಕಾಲಕ್ಕ ಒಂದ ಚಕ್ಕಡ್ಯಾಗ ಮನಿಮಂದಿ ಎಲ್ಲಾ ಕುಂದರ್ತಿದ್ವಿ. ಎತ್ತು ಸೈತ ಒಂದ ಮಾತ ಅಂದಿಲ್ಲ."

ಇಲ್ಲಿಂದ ಶುರುವಾದದ್ದು ನನ್ನ ಮೇಲಿನ ಅನ್ಯಾಯ. ಹೇಮಾ ಜಗಳವಾಡಲಿಲ್ಲ. ಮರುದಿನ ಬೆಳಿಗ್ಗೆ ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಡೆದೇ ಹೊರಟಳು. ನಾನು ಮೊದಲ ಗೇರಿನಲ್ಲಿ ಅವಳ ಪಕ್ಕಕ್ಕೆ ಟ್ರ್ಯಾಕ್ಟರು ಓಡಿಸುತ್ತ, "ಬುಟ್ಟಿನಾದ್ರೂ ಕೊಡು, ಪೆಟಿಗಿ ಮ್ಯಾಲ ಇಡ್ತೇನಿ," ಎಂದೆ.

"ನೀವು ಮುಂದ ಹೋಗ್ರಿ. ಪೆಟಿಗಿಗೆ ಬಿಸಲು ಹತ್ತತೈತಿ."

ಎಡಗಡೆಯ ಮಡ್‌ಗಾರ್ಡು ಊರಿನ ಕಣ್ಣಿಗೆ ಒಂದು ಸಿಂಹಾಸನವಾಗಿತ್ತೆಂದು ನನಗೆ ಗೊತ್ತಾದದ್ದು ಅದು ತೆರವಾದ ಮೇಲೆ. ಚಹಾದ ಅಂಗಡಿಯ ಮುಂದೆ ಪಕ್ಕದ ಹೊಲದ ಪರಮೇಶಪ್ಪ ನನ್ನನ್ನು ನಿಲ್ಲಿಸಿದ. "ಏನೋ ಕೊಟ್ರೇಶ, ಹೇಣ್ತೀನ ಇಳಿಸಿ ಕಬ್ಬಿಣ ಕುಂದರಿಸೀಯಂತ. ಮನ್ಯಾಗ ಎಲ್ಲಾ ಬರೊಬ್ಬರಿ ಐತೇನಪಾ?" ನಾನು ಗಾಲಿ, ಇಳಿಜಾರು, ತೂಕ ಎಲ್ಲವನ್ನೂ ವಿವರಿಸಿದೆ. ಆತ ಗಂಭೀರವಾಗಿ ಕೇಳಿಸಿಕೊಂಡು, "ಆತು, ಹಿರ್ಯಾರ್ನ ಕೂಡಸೂಣೇನು?" ಎಂದ. ಹೆಂಡತಿಯ ಜೀವ ಉಳಿಸಲು ಹೊರಟವನನ್ನು ಪಂಚಾಯ್ತಿಗೆ ಎಳೆಯುವ ಊರು ಇದೊಂದೇ ಇರಬೇಕು.

ಹೊಲದಲ್ಲಿ ಇನ್ನೂ ಕಷ್ಟವಾಯಿತು. ಕೈ ಚಾಚಿದರೆ ಗಾಳಿ ಸಿಗುತ್ತಿತ್ತು. ಕೆಳಗಿಂದ ಎದ್ದು ಬಂದು, ಪೆಟ್ಟಿಗೆ ತೆರೆದು, ಪಾನಾ ಹುಡುಕಿ, ಮತ್ತೆ ಮಲಗಿ, ಅದು ತಪ್ಪು ಪಾನಾ ಎಂದು ಗೊತ್ತಾಗಿ ಮತ್ತೆ ಏಳಬೇಕು. ಹೇಮಾ ಬದುವಿನ ಮೇಲೆ ಕುಳಿತು ನೋಡುತ್ತಿದ್ದಳು. ಸುರಕ್ಷಿತ ದೂರದಲ್ಲಿ.

ಇಷ್ಟೆಲ್ಲದರ ನಡುವೆ ನನಗೆ ನ್ಯಾಯ ಸಿಗುವ ಒಂದು ದಿನ ಬಂತು. ರಂಜನಾ ಮೇಡಂ ನನ್ನ ಪೆಟ್ಟಿಗೆಯ ಸುದ್ದಿ ಕೇಳಿ, ನಮ್ಮ ಹೊಲದಲ್ಲೇ ಒಂದು ಪ್ರಾತ್ಯಕ್ಷಿಕೆ ಇಟ್ಟರು. ಸುತ್ತಲಿನ ಹಳ್ಳಿಗಳ ರೈತರು ಸೇರಿದರು, ಊರಿನವರ ಜೊತೆ ಅವ್ವನೂ ಬಂದಳು. ಇಡೀ ಊರಿನ ಮುಂದೆ ನಾನು ಹೆಂಡತಿಯನ್ನು ಇಳಿಸಿದವನಲ್ಲ, ಕಾಪಾಡಿದವನು ಎಂದು ರುಜುವಾತು ಮಾಡಲು ಇದಕ್ಕಿಂತ ಬೇರೆ ಅವಕಾಶ ಸಿಗುವಂತಿರಲಿಲ್ಲ. ರೇಡಿಯಂ ಜಾಕೀಟು ತೊಟ್ಟು, ಕೈಗವಸು ಹಾಕಿ, ಒಂದೊಂದೇ ಸಾಮಾನು ಎತ್ತಿ ತೋರಿಸಿದೆ. ಕೊನೆಗೆ ದನಿ ಏರಿಸಿ ಹೇಳಿದೆ: "ಟ್ರ್ಯಾಕ್ಟರಿಗೆ ಸೀಟು ಒಂದು, ಮನುಷ್ಯಾನೂ ಒಬ್ಬನ. ಅದು ಯಾರ ಇರ್ಲಿ, ಎಂಥಾ ಹತ್ತಿರದವ್ರ ಇರ್ಲಿ." ಹೇಮಾಳ ಕಡೆ ನೋಡಿದೆ. ಆಕೆ ತಲೆಯಾಡಿಸಿದಳು. ಗೆದ್ದೆ ಎಂದುಕೊಂಡೆ.

"ಈಗ ಹೊಲದ ಸುತ್ತ ಒಂದು ಸುತ್ತು ಓಡಿಸಿ ತೋರಿಸೋಣ, ಸಾಮಾನು ಅಲುಗಾಡ್ತಾವೋ ಇಲ್ಲೋ ಮಂದಿ ನೋಡ್ಲಿ," ಎಂದರು ಮೇಡಂ. "ಕೊಟ್ರೇಶ ಅವರೆ, ನೀವು ಟ್ರ್ಯಾಕ್ಟರ್ ಜೋಡಿ ನಡಕೋತ ವಿವರಣೆ ಕೊಡ್ರಿ. ಬ್ಯಾರೆ ಯಾರಾದ್ರೂ ಓಡಸ್ಲಿ."

ಪರಮೇಶಪ್ಪ ಮುಂದೆ ಬಂದ. ಅವನ ಕ್ಲಚ್ಚಿನ ಕಾಲನ್ನು ನಾನು ಬಲ್ಲೆ, ಬೇಡವೆಂದೆ. ಆಗ ಹೇಮಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಾ ಹೊಡಿತೇನಿ."

"ನಿನಗ ಎಲ್ಲಿ ಬರತೈತಿ?"

"ತಡಸದಾಗ ಅಣ್ಣನ ಟ್ರ್ಯಾಕ್ಟರ್ ಮತ್ತ್ಯಾರು ಹೊಡಿತಿದ್ರು? ಲೈಸೆನ್ಸೂ ಅಂವನ ಮಾಡಿಸ್ಯಾನ."

ತಡಸ ಅವಳ ತವರು. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಸುದ್ದಿ ನನಗೆ ತಲುಪಿದ್ದು ಅಷ್ಟು ಜನರ ಮುಂದೆ.

"ಒಂದ ದಿನಾನೂ ಹೇಳಲಿಲ್ಲಲ್ಲ ನೀ?"

"ಕುಂದ್ರಾಕ ಜಾಗಾ ಇತ್ತು. ಹೇಳೂ ಕಾರಣ ಏನಿತ್ತು?" ಎಂದು ಆಕೆ ಸೀಟು ಹತ್ತಿದಳು. "ನೀವು ಗೇರು ತಪ್ಪಿಸಿದಾಗೆಲ್ಲಾ ನನ್ನ ಸೊಂಟಕ್ಕ ತಿಳೀತಿತ್ತು, ಸುಮ್ಮನ ಇರ್ತಿದ್ದೆ."

ಜನ ನಕ್ಕರು. ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಟ್ರ್ಯಾಕ್ಟರು ಮಾತ್ರ, ನನ್ನ ಕೈಯಲ್ಲಿ ಯಾವತ್ತೂ ಕೆಮ್ಮಿ ಹೊರಡುವ ಟ್ರ್ಯಾಕ್ಟರು, ಒಮ್ಮೆಯೂ ಕೆಮ್ಮದೆ ಹೊರಟಿತು. ಪೆಟ್ಟಿಗೆಯೊಳಗೆ ಒಂದೂ ಪಾನಾ ಅಲುಗಲಿಲ್ಲ. ಮೇಡಂ ಫೋಟೋ ತೆಗೆದರು. ಅದರಲ್ಲಿ ಹೇಮಾ ಇದ್ದಾಳೆ, ಪೆಟ್ಟಿಗೆ ಇದೆ, ನನ್ನ ಒಂದು ಕೈಗವಸು ಇದೆ.

ಮುಗಿದ ಮೇಲೆ ಹೇಮಾ ಇಳಿಯಲಿಲ್ಲ.

"ಇಳಿ, ಮನಿಗೆ ಹೋಗೂಣು," ಎಂದೆ.

"ಕುಂತೇನಲ್ಲ, ನಾನ ಹೊಡಿತೇನಿ."

ಜನರ ಮುಂದೆ ಸೀಟಿಗಾಗಿ ಕಿತ್ತಾಡುವುದು ಚೆನ್ನಾಗಿರುವುದಿಲ್ಲವೆಂದು ನಾನು ಹಿಂದಿನ ಕೊಂಡಿಯ ಮೇಲೆ ಒಂದು ಕಾಲಿಟ್ಟೆ. ಇನ್ನೊಂದು ಕಾಲು ನೆಲ ಬಿಡುವ ಮೊದಲೇ ಮೇಡಂ ಅವರ ದನಿ ಕೇಳಿತು.

"ಕೊಟ್ರೇಶ ಅವರೆ, ಈಗ ತಾನ ಏನ ಹೇಳಿದ್ರಿ?"

ಕಾಲು ಇಳಿಸಿದೆ.

ಹಾನಗಲ್ಲಿನ ರಸ್ತೆಗೆ ಬಂದಾಗ ಬಿಸಿಲು ಇಳಿದಿತ್ತು. ಮುಂದೆ ಹೇಮಾ, ಪಕ್ಕದಲ್ಲಿ ಪೆಟ್ಟಿಗೆ. ಹಿಂದೆ ಜಾಕೀಟು ತೊಟ್ಟ ನಾನು. ಜಾಕೀಟು ಬಿಚ್ಚಿ ಪೆಟ್ಟಿಗೆಯಲ್ಲಿಡೋಣವೆಂದರೆ ಅದಕ್ಕೆ ಬೀಗ ಬಿದ್ದಿತ್ತು, ಬೀಗದ ಕೈ ಹೇಮಾಳ ಜೊತೆ ಮುಂದೆ ಹೋಗಿತ್ತು. ಬಸ್ಸೊಂದು ಹಿಂದಿನಿಂದ ಬಂದು ನಿಧಾನ ಮಾಡಿತು. ಡ್ರೈವರ್ ತಲೆ ಹೊರಹಾಕಿ, "ಏನ್ರಿ, ಮುಂದ ರಸ್ತೆ ಕೆಲಸ ನಡದೈತೇನು?" ಎಂದು ಮರ್ಯಾದೆಯಿಂದ ಕೇಳಿದ. ಇಲ್ಲವೆಂದು ಹೇಳಿ ರಸ್ತೆಯ ಬದಿಗೆ ಸರಿದೆ.

ಹೇಮಾ ತಿರುಗಿ ನೋಡಿ ಟ್ರ್ಯಾಕ್ಟರಿನ ವೇಗ ಇಳಿಸಿದಳು.

"ರೀ, ಬದೀಗೆ ಹೋಗಬ್ಯಾಡ್ರಿ. ಬರೊಬ್ಬರಿ ನನ್ನ ಹಿಂದ ಬರ್ರಿ. ಸಾವಕಾಶ ಹೋಗೂ ಗಾಡಿಗೆ ಹಿಂದ ರೇಡಿಯಂ ಕಾಣಬೇಕಂತ ಮೇಡಂ ಹೇಳ್ಯಾರ."

ಸುರಕ್ಷತೆಯ ವಿಷಯದಲ್ಲಿ ಆಕೆ ಹೇಳಿದ್ದು ತಪ್ಪಲ್ಲ. ನಾನು ಟ್ರ್ಯಾಕ್ಟರಿನ ಹಿಂದೆ ನಟ್ಟನಡುವೆ ಬಂದು, ಬಸ್ಸಿಗೆ ಬೆನ್ನು ಚೆನ್ನಾಗಿ ಕಾಣುವಂತೆ ನೆಟ್ಟಗೆ ನಡೆದೆ.